ವಿದ್ಯಾರ್ಥಿವೇತನಕ್ಕೂ ತೆರಿಗೆ ಉಂಟೇ?

'ವಿದ್ಯಾರ್ಥಿವೇತನ' ಎಂಬ ಪದದಲ್ಲಿ 'ವೇತನ' ಸೇರಿಕೊಂಡಿರುವುದರಿಂದ ಅನೇಕ ಪೋಷಕರಿಗೆ ಒಂದು ಅಳುಕು. ಮಗಳ ಖಾತೆಗೆ ಹಣ ಬಂದೊಡನೆ 'ಇದಕ್ಕೂ ತೆರಿಗೆ ಕಟ್ಟಬೇಕಾ ಮೇಷ್ಟ್ರೇ?' ಎಂದು ಕೇಳುತ್ತಾರೆ. ಈ ಅಳುಕಿನಿಂದ ಅರ್ಜಿಯನ್ನೇ ಹಾಕದವರೂ ಇದ್ದಾರೆ. ಫೀಸಿಗೆಂದು ಕೂಡಿಟ್ಟ ಹಣ ತೆಗೆಯುವಾಗಲೂ ಇದೇ ಪ್ರಶ್ನೆ. ಎರಡನ್ನೂ ಬಿಡಿಸಿ ನೋಡೋಣ.

ಓದಿನ ಖರ್ಚಿಗೆಂದು ಕೊಡುವ ವಿದ್ಯಾರ್ಥಿವೇತನಕ್ಕೆ ಆದಾಯ ತೆರಿಗೆ ಇಲ್ಲ. 1961ರ ಕಾಯ್ದೆಯ 10(16)ನೇ ಕಲಮು ಹೇಳಿದ್ದು ಇದನ್ನೇ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯ್ದೆಯೂ ಈ ವಿನಾಯಿತಿಯನ್ನು ಉಳಿಸಿಕೊಂಡಿದೆ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ಸಿಗುವ ವರ್ಷಕ್ಕೆ 12,000 ರೂಪಾಯಿ ಆಗಲಿ, 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ ಆಗಲಿ, ಹಿಂದುಳಿದ ವರ್ಗದವರ 'ವಿದ್ಯಾಸಿರಿ' ಆಗಲಿ, ಎಲ್ಲವೂ ಈ ಗುಂಪಿನವೇ. ಟ್ರಸ್ಟ್ ಅಥವಾ ಖಾಸಗಿ ಸಂಸ್ಥೆ ಕೊಟ್ಟರೂ ನಿಯಮ ಅದೇ. ಆದರೆ ಕೆಲಸ ಮಾಡಿಸಿಕೊಂಡು ಅದಕ್ಕೆ ಪ್ರತಿಯಾಗಿ ಕೊಡುವ ಹಣವನ್ನು 'ಸ್ಟೈಪೆಂಡ್' ಎಂದು ಕರೆದ ಮಾತ್ರಕ್ಕೆ ಅದು ವಿದ್ಯಾರ್ಥಿವೇತನವಾಗದು. ಹೆಸರಲ್ಲ, ಉದ್ದೇಶ ಮುಖ್ಯ.

ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನೇ ನೆನೆಯಿರಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ನಿಭಾಯಿಸಿದರು. ಮುಂದೆ ಮೈಸೂರು ಸರ್ಕಾರದ ನೆರವಿನಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದರು. ಇಂದಿನ ಕಾನೂನಿನ ಕಣ್ಣಿನಲ್ಲಿ ಎರಡನೆಯದು ತೆರಿಗೆಯಿಲ್ಲದ ವಿದ್ಯಾರ್ಥಿವೇತನ, ಮೊದಲನೆಯದು ದುಡಿಮೆಯ ಆದಾಯ.

ಇನ್ನು ಉಳಿತಾಯ. ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ: ನೀವು ಇಟ್ಟ ಅಸಲು ಮರಳಿ ಬಂದರೆ ಅದು ಆದಾಯವಲ್ಲ; ಪ್ರಶ್ನೆ ಬಡ್ಡಿಯದು. 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಖಾತೆಯ ಬಡ್ಡಿಗೂ ಪಿಪಿಎಫ್ ಬಡ್ಡಿಗೂ ತೆರಿಗೆ ಇಲ್ಲ. ಸುಕನ್ಯಾ ಖಾತೆಯನ್ನು ಹುಡುಗಿಗೆ ಹತ್ತು ವರ್ಷ ತುಂಬುವುದರೊಳಗೆ ತೆರೆಯಬೇಕು. ಆಕೆ ಹತ್ತನೇ ತರಗತಿ ಪಾಸಾದ ಮೇಲೆ ಅಥವಾ 18 ತುಂಬಿದ ಮೇಲೆ, ಯಾವುದು ಮೊದಲೋ ಆಗ, ಹಿಂದಿನ ಮಾರ್ಚ್ ಕೊನೆಗೆ ಇದ್ದ ಮೊತ್ತದ ಅರ್ಧದವರೆಗೆ ಓದಿಗಾಗಿ ತೆಗೆಯಬಹುದು. ಆದರೆ ಕಾಲೇಜಿನ ಫೀಸಿನ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟೇ. ಖಾತೆಯಲ್ಲಿ 4 ಲಕ್ಷ ಇದ್ದರೆ ಮಿತಿ 2 ಲಕ್ಷ. ಫೀಸು 80,000 ಆದರೆ ಕೈಗೆ ಬರುವುದು 80,000. ಒಂದೇ ಸಲ ಬೇಡವೆಂದರೆ ವರ್ಷಕ್ಕೊಮ್ಮೆಯಂತೆ ಐದು ವರ್ಷದವರೆಗೆ ಕಂತಿನಲ್ಲೂ ಪಡೆಯಬಹುದು.

ಬ್ಯಾಂಕಿನ ನಿಶ್ಚಿತ ಠೇವಣಿ, ಅಂಚೆ ಕಚೇರಿಯ ಆರ್.ಡಿ. ಹಾಗಲ್ಲ, ಅವುಗಳ ಬಡ್ಡಿ ಆದಾಯವೇ. ವಿದ್ಯಾರ್ಥಿವೇತನದ ಹಣವನ್ನು ಠೇವಣಿ ಇಟ್ಟರೂ ಅದರ ಬಡ್ಡಿಗೆ ವಿನಾಯಿತಿ ಇಲ್ಲ. 18 ತುಂಬದ ಮಕ್ಕಳ ಬಡ್ಡಿಯನ್ನು ತಂದೆ-ತಾಯಿಯರಲ್ಲಿ ಯಾರ ಆದಾಯ ಹೆಚ್ಚೋ ಅವರ ಲೆಕ್ಕಕ್ಕೆ ಸೇರಿಸಬೇಕು. ಒಂದು ಲಕ್ಷಕ್ಕೆ ಶೇ. 7ರಂತೆ 7,000 ಬಡ್ಡಿ ಬಂದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಮಗುವೊಂದಕ್ಕೆ 1,500 ಕಳೆದು 5,500 ಸೇರುತ್ತದೆ. ಹೊಸ ಪದ್ಧತಿಯಲ್ಲಿ ಪೂರ್ತಿ 7,000. ಆದರೆ ಮಗು ಸ್ವಂತ ಪ್ರತಿಭೆಯಿಂದಲೋ ಮೈಮುರಿದು ದುಡಿದೋ ಗಳಿಸಿದ್ದು ಮಗುವಿನದೇ ಆದಾಯ. 18 ತುಂಬಿದ ಮೇಲೆ ಬಡ್ಡಿಯೂ ವಿದ್ಯಾರ್ಥಿಯ ಸ್ವಂತ ಲೆಕ್ಕಕ್ಕೆ ಬರುತ್ತದೆ. 2025–26ರಿಂದ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲವಾದ್ದರಿಂದ ಹೆಚ್ಚಿನ ವಿದ್ಯಾರ್ಥಿಗಳಿಗೆ ಚಿಂತೆಯಿಲ್ಲ.

ನಮ್ಮ ಸೀಮೆಯ ರೈತರು ಗಮನಿಸಬೇಕಾದ ಮಾತೊಂದಿದೆ. ಚಿಂತಾಮಣಿಯ ಟೊಮೆಟೊ, ಗೌರಿಬಿದನೂರಿನ ಮುಸುಕಿನ ಜೋಳ ಕೃಷಿ ಆದಾಯ. ಅದಕ್ಕೆ ಕೇಂದ್ರದ ತೆರಿಗೆ ಇಲ್ಲ. ಹಿಪ್ಪುನೇರಳೆ ಬೆಳೆಯುವುದೂ ಕೃಷಿಯೇ. ಆದರೆ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವ ಗೂಡು ಗಿಡ ಬಿಟ್ಟದ್ದಲ್ಲ, ಹುಳು ಕಟ್ಟಿದ್ದು. ಗೂಡು ಮಾರಿದ ಆದಾಯ ಕೃಷಿ ಆದಾಯವಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಸಿಕ್ಕಿ ತೆರಿಗೆ ಬೀಳದಿದ್ದರೂ, 4 ಲಕ್ಷ ದಾಟಿದರೆ ರಿಟರ್ನ್ ಸಲ್ಲಿಸಬೇಕು.

ತೆರಿಗೆ ಇಲ್ಲದ ಆದಾಯ ಎಂದರೆ ಆದಾಯವೇ ಅಲ್ಲ ಎಂದು ಭಾವಿಸಬೇಡಿ. ವಿದ್ಯಾರ್ಥಿವೇತನಕ್ಕೆ ಬೇಕಾದ ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಕೇಳುವಾಗ ಜಮೀನಿನ ಆದಾಯವನ್ನೂ ಹೇಳಬೇಕು. ತೆರಿಗೆಯ ಲೆಕ್ಕ ಬೇರೆ, ಅರ್ಹತೆಯ ಲೆಕ್ಕ ಬೇರೆ.

ವಿದ್ಯಾರ್ಥಿಗಳೇ, ನೀವು ಮಾಡಬೇಕಾದದ್ದು ಇಷ್ಟು. ಮಂಜೂರಾತಿ ಪತ್ರ, ಫೀಸಿನ ರಸೀದಿ, ಪಾಸ್‌ಬುಕ್ಕುಗಳನ್ನು ಒಂದೇ ಫೈಲಿನಲ್ಲಿಡಿ. 18 ತುಂಬಿದೊಡನೆ ಖಾತೆಯನ್ನು ನಿಮ್ಮ ಹೆಸರಿಗೆ ಬದಲಿಸಿಕೊಂಡು ಪ್ಯಾನ್ ಸಂಖ್ಯೆ ಕೊಡಿ. ಬಡ್ಡಿಯ ಮೇಲೆ ತೆರಿಗೆ ಕಡಿಯುವ ಸಂದರ್ಭ ಬಂದಾಗ ಪ್ಯಾನ್ ಇಲ್ಲದಿದ್ದರೆ ಬ್ಯಾಂಕು ಶೇ. 20 ಮುರಿದುಕೊಳ್ಳುತ್ತದೆ. ಎಲ್ಲಕ್ಕಿಂತ ಮೊದಲು, ತೆರಿಗೆಯ ಹೆದರಿಕೆಯಿಂದ ಯಾವ ಅರ್ಜಿಯನ್ನೂ ಬಿಡಬೇಡಿ. ಕೊನೆಯ ದಿನಾಂಕ ಕಳೆದ ಮೇಲೆ ಆಗುವ ನಷ್ಟವನ್ನು ಯಾವ ರಿಯಾಯಿತಿಯೂ ತುಂಬಿಕೊಡದು.