ಪಾಠಕ್ಕೆ ಜಗಳ, ಪ್ರಶ್ನೆಗೆ ಮೌನ

2022ರಲ್ಲಿ ಪಠ್ಯಪುಸ್ತಕದ ಗಲಾಟೆ ಎದ್ದಾಗ ಕನ್ನಡದ ಲೇಖಕರು ಬೀದಿಗಿಳಿದರು. ರೋಹಿತ್ ಚಕ್ರತೀರ್ಥ ಸಮಿತಿಯ ಪರಿಷ್ಕರಣೆಯನ್ನು ವಿರೋಧಿಸಿ ದೇವನೂರ ಮಹಾದೇವ ತಮ್ಮ ಪಾಠಕ್ಕೆ ಕೊಟ್ಟಿದ್ದ ಅನುಮತಿ ಹಿಂದಕ್ಕೆ ಪಡೆದರು. ಹಂಪ ನಾಗರಾಜಯ್ಯ ಕುವೆಂಪು ಪ್ರತಿಷ್ಠಾನದ ಅಧ್ಯಕ್ಷ ಸ್ಥಾನ ಬಿಟ್ಟರು. ಜಿ. ರಾಮಕೃಷ್ಣರ ಭಗತ್ ಸಿಂಗ್ ಪಾಠ ಉಳಿಯಿತೋ ಹೋಯಿತೋ ಎಂಬ ಚರ್ಚೆ ದಿನಗಟ್ಟಲೆ ನಡೆಯಿತು. 2023ರಲ್ಲಿ ಸರ್ಕಾರ ಬದಲಾಯಿತು, ಪಾಠಗಳೂ ಮತ್ತೆ ಬದಲಾದವು. ಮಕ್ಕಳು ಏನು ಓದಬೇಕೆಂಬುದನ್ನು ಪಕ್ಷದ ಕಚೇರಿಗಳು ತೀರ್ಮಾನಿಸಬಾರದು ಎಂಬ ಆ ಹೋರಾಟ ನ್ಯಾಯವಾದದ್ದೇ. ಆದರೆ ಅಷ್ಟು ಲೇಖನ, ಅಷ್ಟು ಪತ್ರಿಕಾಗೋಷ್ಠಿ, ನಮ್ಮ ಸಹಪತ್ರಿಕೆಗಳ ಅಷ್ಟೊಂದು ವಿಶೇಷ ಪುಟಗಳ ನಡುವೆ ಒಂದು ಮಾತು ಬರಲೇ ಇಲ್ಲ. ಪಾಠ ಮುಗಿದ ಮೇಲೆ ಅದರ ಕೆಳಗೆ ಅಚ್ಚಾಗುವ ಪ್ರಶ್ನೆಗಳು ಎಂಥವು? ಆ ಪ್ರಶ್ನೆಗಳಿಗೆ ಉತ್ತರ ಬರೆದೂ ಬರೆದೂ ಹದಿನೈದು ವರ್ಷದ ಹುಡುಗಿಯ ಮನಸ್ಸಿನಲ್ಲಿ ಆ ಲೇಖಕನ ಬಗ್ಗೆ ಏನು ಉಳಿಯುತ್ತದೆ? ಎಡದವರು ಆರಿಸಿದ ಪಾಠವಾಗಲಿ, ಬಲದವರು ಆರಿಸಿದ ಪಾಠವಾಗಲಿ, ಪ್ರಶ್ನೆಪತ್ರಿಕೆಗೆ ಬರುವಾಗ ಎರಡೂ ಒಂದೇ ಅಚ್ಚಿಗೆ ಬೀಳುತ್ತವೆ. ಭಗತ್ ಸಿಂಗನ ಪಾಠಕ್ಕಾಗಿ ಇಷ್ಟು ಹೋರಾಡಿದೆವು. ತರಗತಿಯಲ್ಲಿ ಅದು ಅಂಕಕ್ಕಾಗಿ ಬರೆಯುವ ಒಂದು ಉತ್ತರವಾಗಿ ಕೂತಿತು. ಬ್ರಿಟಿಷರನ್ನು ಪ್ರಶ್ನಿಸಿದವನ ಬಗ್ಗೆ ಮಕ್ಕಳು ಒಂದೂ ಪ್ರಶ್ನೆ ಕೇಳದೆ ಬಾಯಿಪಾಠ ಮಾಡಿದರು.

ಈ ಅಚ್ಚು ಹೇಗಿದೆ ಎಂಬುದು ಕನ್ನಡ ಮೇಷ್ಟ್ರುಗಳಿಗೆಲ್ಲ ಗೊತ್ತು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ. ಅದರಲ್ಲಿ 25 ಆಂತರಿಕ, 100 ಲಿಖಿತ. ಲಿಖಿತ ಪರೀಕ್ಷೆಯಲ್ಲಿ ಸಂದರ್ಭದೊಡನೆ ಸ್ವಾರಸ್ಯ ವಿವರಿಸಬೇಕು, ಕವಿ ಪರಿಚಯ ಬರೆಯಬೇಕು, ಪದ್ಯಭಾಗ ಪೂರ್ಣಗೊಳಿಸಬೇಕು, ಎಂಟು-ಹತ್ತು ವಾಕ್ಯಗಳಲ್ಲಿ ಉತ್ತರಿಸಬೇಕು, ಕೊನೆಗೆ ಒಂದು ಪತ್ರ, ಒಂದು ಪ್ರಬಂಧ. ಸಂದರ್ಭದ ಪ್ರಶ್ನೆಗೆ ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ತಲೆಬರಹ ಹಾಕಿ ಬರೆಯುವುದನ್ನು ಮಕ್ಕಳಿಗೆ ಕಲಿಸಲಾಗುತ್ತದೆ. ಯಾವ ಪಾಠ, ಯಾರು ಬರೆದದ್ದು, ಯಾರು ಯಾರಿಗೆ ಹೇಳಿದ್ದು ಎಂಬುದು ಮಾಹಿತಿ. ಅದು ಒಂದೇ ರೀತಿ ಇರಲಿ, ತಕರಾರಿಲ್ಲ. ಸ್ವಾರಸ್ಯ ಮಾತ್ರ ಓದಿದವರ ಅನುಭವಕ್ಕೆ ಬಿಟ್ಟದ್ದು. ಆ ಜಾಗದಲ್ಲೂ ಇಡೀ ತರಗತಿ ಗೈಡಿನ ಅದೇ ಎರಡು ವಾಕ್ಯ ಬರೆಯುತ್ತದೆ, ಅಂಕವೂ ಬರುತ್ತದೆ. ಹೊಸ ಓದುಗನೊಬ್ಬ ಒಂದು ಕಥೆ ಓದಿ ತನಗೆ ಅನ್ನಿಸಿದ್ದನ್ನು ತನ್ನ ಮಾತಿನಲ್ಲಿ ಹೇಳಬೇಕಾದ ಒಂದೇ ಒಂದು ಸ್ಥಳದಲ್ಲಿ ಅವನ ಬಾಯಿಗೆ ಬೇರೆಯವರ ಮಾತು ತುರುಕಿದ್ದೇವೆ. ನಮ್ಮ ವಾದ ಇಷ್ಟೇ: ಶಾಲೆಯ ಬರವಣಿಗೆ ಸಾಹಿತ್ಯದ ರುಚಿ ಕೆಡಿಸುತ್ತಿರುವುದು ಬರೆಯಿಸುವುದರಿಂದಲ್ಲ, ಉತ್ತರವನ್ನು ಮೊದಲೇ ನಿಗದಿ ಮಾಡಿ ಬರೆಯಿಸುವುದರಿಂದ.

ನಮ್ಮ ಕಾಫಿ ಸೀಮೆಯಲ್ಲಿ ಇದರ ನಷ್ಟ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ, ಏಕೆಂದರೆ ಇಲ್ಲಿಯ ಮಕ್ಕಳ ಪಠ್ಯದಲ್ಲಿ ಅವರ ಊರೇ ಇದೆ. ಪೂರ್ಣಚಂದ್ರ ತೇಜಸ್ವಿಯವರ ‘ಕೃಷ್ಣೇಗೌಡನ ಆನೆ’ ದ್ವಿತೀಯ ಪಿಯುಸಿ ಮಕ್ಕಳಿಗೆ ದೀರ್ಘಗದ್ಯವಾಗಿ ಬಂದದ್ದು. ಊರಿನ ಅವಾಂತರಗಳಿಗೆಲ್ಲ ಒಂದು ಆನೆಯನ್ನು ಹೊಣೆ ಮಾಡಿ ಇಲಾಖೆಗಳೂ ಮನುಷ್ಯರೂ ತಪ್ಪಿಸಿಕೊಳ್ಳುವ ಆ ಕಥೆಯನ್ನು ಓದಲು ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು ಕಡೆಯ ವಿದ್ಯಾರ್ಥಿಗಳಿಗಿಂತ ಹಕ್ಕುಳ್ಳವರು ಯಾರಿದ್ದಾರೆ? ಆನೆ ಇಳಿದಿದೆ ಎಂಬ ಸುದ್ದಿ ಬಂದರೆ ಇಲ್ಲಿ ತೋಟದ ಕೆಲಸ ನಿಲ್ಲುತ್ತದೆ, ಮಕ್ಕಳು ಶಾಲೆಗೆ ಹೋಗುವ ದಾರಿ ಬದಲಾಗುತ್ತದೆ. 2022ರ ನವೆಂಬರ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಕುಂದೂರು ಭಾಗದಲ್ಲಿ ಕಾಡಾನೆಗೆ ಮಹಿಳೆಯೊಬ್ಬರು ಬಲಿಯಾದಾಗ ಜನರ ಸಿಟ್ಟು ಸ್ಥಳಕ್ಕೆ ಬಂದ ಶಾಸಕರ ಮೇಲೆಯೇ ತಿರುಗಿತು. ಆ ಸಿಟ್ಟು ಸರಿಯಾದ ಜಾಗಕ್ಕೆ ಹೋಯಿತೇ, ಆನೆಯ ತಪ್ಪೆಷ್ಟು, ಇಲಾಖೆಯ ತಪ್ಪೆಷ್ಟು, ಕಾಡಿನ ಅಂಚಿನವರೆಗೂ ತೋಟ ಮಾಡಿದ ನಮ್ಮ ಪಾಲೆಷ್ಟು ಎಂದು ಕೇಳಲು ಆ ಕಥೆಗಿಂತ ಒಳ್ಳೆಯ ಪ್ರವೇಶ ಇನ್ನೊಂದಿಲ್ಲ. ಪರೀಕ್ಷೆಗೆ ಓದುವವರು ಹಿಡಿದುಕೊಳ್ಳುವುದಾದರೂ ಏನನ್ನು? ಆನೆ ಎಲ್ಲಿಂದ ಬಂತು, ಮಾವುತ ಎಂಥವನು, ಯಾರು ಯಾರ ಮೇಲೆ ದೂರು ಹೇಳಿದರು. ನಕ್ಕು ನಕ್ಕು ಓದಿ ಆಮೇಲೆ ಬೆಚ್ಚಿಬೀಳಬೇಕಾದ ಕಥೆ ಪಾತ್ರಗಳ ಪಟ್ಟಿಯಾಗಿ ಮುಗಿಯುತ್ತದೆ. ನವ್ಯದ ಮಾದರಿ ಸವೆದುಹೋಗಿದೆ, ಹೊಸ ದಿಗಂತದ ಕಡೆಗೆ ಹೋಗಬೇಕು ಎಂದು 1973ರಲ್ಲೇ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ವಾದಿಸಿದ ಲೇಖಕನನ್ನು ನಾವು ಸಿದ್ಧ ಉತ್ತರದ ಸರಕು ಮಾಡಿದ್ದೇವೆ.

ಪ್ರಬಂಧದ ಪ್ರಶ್ನೆಯಲ್ಲಾದರೂ ಮಕ್ಕಳಿಗೆ ಬಿಡುಗಡೆ ಇರಬೇಕಿತ್ತು. ಅಲ್ಲಿ ಪಾಠವಿಲ್ಲ, ಉರುಹೊಡೆಯಬೇಕಾದ ಕವಿ ಕಾಲವಿಲ್ಲ. ಆದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಖಾನೆ, ಪರಿಸರ ಮಾಲಿನ್ಯ, ಗ್ರಂಥಾಲಯಗಳ ಮಹತ್ವ, ರಾಷ್ಟ್ರೀಯ ಭಾವೈಕ್ಯ ಎಂಬ ತಿರುಗಿ ತಿರುಗಿ ಬರುವ ವಿಷಯಗಳು ಅದನ್ನೂ ಕಂಠಪಾಠ ಮಾಡಿಬಿಟ್ಟಿವೆ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಜರಿದು ಮನೆ, ಗದ್ದೆ, ತೋಟ ಹೋದವು. ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚಿತು. ಕಳಸದ ಹತ್ತಿರ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯುವುದು ಮಳೆಗಾಲದಲ್ಲಿ ಹೊಸ ಸುದ್ದಿಯೇ ಅಲ್ಲ. ಇಷ್ಟನ್ನು ಕಣ್ಣಾರೆ ಕಂಡ ಮಕ್ಕಳು ಪರಿಸರದ ಮೇಲೆ ಬರೆಯಲು ಕೂತಾಗ ನೆಲ, ಜಲ, ವಾಯು, ಶಬ್ದ ಮಾಲಿನ್ಯ ಎಂದು ನಾಲ್ಕು ವಿಧ ಹೇಳಿ, ಮರ ಬೆಳೆಸೋಣ ಎಂದು ಮುಗಿಸುತ್ತಾರೆ. ಜರಿದ ಗುಡ್ಡಕ್ಕೆ ಖಾನೆ ಇಲ್ಲ, ಹೀಗಾಗಿ ಅದು ಬರವಣಿಗೆಗೆ ಬರುವುದಿಲ್ಲ. ಇದೇ ಕನ್ನಡದಲ್ಲಿ ಗೊರೂರರ ‘ಹಳ್ಳಿಯ ಚಿತ್ರಗಳು’ ಇದೆ, ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಇದೆ, ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಇದೆ. ತಾನು ಕಂಡದ್ದು, ತನಗೆ ಅನ್ನಿಸಿದ್ದು, ತನ್ನ ಊರಿನ ಮಾತು, ಇದಿಷ್ಟನ್ನೇ ಬಂಡವಾಳ ಮಾಡಿಕೊಂಡು ದೊಡ್ಡ ಗದ್ಯ ಬರೆಯಬಹುದು ಎಂದು ತೊಂಬತ್ತು ವರ್ಷಗಳ ಹಿಂದೆಯೇ ತೋರಿಸಿದ ಪರಂಪರೆ ನಮ್ಮದು. ಆ ಪುಸ್ತಕಗಳಿಂದ ಆಯ್ದ ಭಾಗಗಳನ್ನು ಪಾಠವಾಗಿ ಓದಿಸುತ್ತೇವೆ, ಮಕ್ಕಳು ಹಾಗೆ ಬರೆಯುವುದಕ್ಕೆ ಮಾತ್ರ ದಾರಿ ಬಿಡುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ನಮಗೆ ಗೊತ್ತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಎಸ್ಸೆಸ್ಸೆಲ್ಸಿ ಬರೆಯುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಎಂದರೆ ಮೌಲ್ಯಮಾಪನ ಹೇಗೆ, ನ್ಯಾಯ ಹೇಗೆ ಎನ್ನುತ್ತಾರೆ. ಈ ಪ್ರಶ್ನೆಗೆ ಮಲೆನಾಡು-ಕರಾವಳಿಯ ತಾಳಮದ್ದಲೆ ಎಂದೋ ಉತ್ತರ ಕೊಟ್ಟಿದೆ. ಹತ್ತನೇ ತರಗತಿಯಲ್ಲಿ ಕುಮಾರವ್ಯಾಸನ ಪದ್ಯಭಾಗವೊಂದಿದೆ: ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳುವ ಸಂದರ್ಭ. ಇದೇ ಕಥೆ ಕರ್ಣಭೇದನದ ಪ್ರಸಂಗವಾಗಿ ಕೂಟಗಳಲ್ಲಿ ನಡೆಯುತ್ತದೆ. ಪ್ರಸಂಗದ ಪದ್ಯ ಒಂದೇ, ಭಾಗವತರು ಹಾಡುವುದೂ ಅದನ್ನೇ. ಆದರೆ ಒಬ್ಬ ಅರ್ಥಧಾರಿಯ ಕರ್ಣ ಋಣಕ್ಕೆ ಕಟ್ಟುಬೀಳುತ್ತಾನೆ, ಇನ್ನೊಬ್ಬರ ಕರ್ಣ ತಾಯಿಯ ಮೇಲೆ ಸಿಟ್ಟಾಗುತ್ತಾನೆ, ಮತ್ತೊಬ್ಬರ ಕರ್ಣ ಕೃಷ್ಣನ ತಂತ್ರವನ್ನೇ ಎತ್ತಿ ಆಡುತ್ತಾನೆ. ಕೇಳುವವರು ಎಲ್ಲರನ್ನೂ ಒಪ್ಪುತ್ತಾರೆಂದಲ್ಲ. ಪದ್ಯಕ್ಕೆ ಹೊಂದದ ಅರ್ಥ ಹೇಳಿದರೆ ಎದುರು ಪಾತ್ರಧಾರಿ ಅಲ್ಲೇ ಹಿಡಿಯುತ್ತಾನೆ, ಸಭೆ ತಲೆ ಅಲ್ಲಾಡಿಸುತ್ತದೆ. ಅರ್ಥ ಹಲವಾದರೂ ಅಳತೆ ಇದ್ದೇ ಇದೆ: ಹೇಳಿದ್ದಕ್ಕೆ ಪದ್ಯದಲ್ಲಿ ಆಧಾರ ಬೇಕು, ತರ್ಕ ಕೂಡಿಬರಬೇಕು. ಶಾಲೆಯೇ ಕಾಣದ ಹಿರಿಯರು ಕೂಡ ಈ ಅಳತೆ ಹಿಡಿದು ರಾತ್ರಿಯಿಡೀ ಕೂತು ಒಳ್ಳೆಯ ಅರ್ಥ ಯಾವುದು, ಜೊಳ್ಳು ಯಾವುದು ಎಂದು ತೂಗಿದ್ದಾರೆ. ಬಿ.ಎಡ್ ಮುಗಿಸಿ ವರ್ಷಗಟ್ಟಲೆ ಪಾಠ ಮಾಡಿದ ಅಧ್ಯಾಪಕರಿಗೆ ಅದು ಆಗುವುದಿಲ್ಲ ಎನ್ನುವುದು ಅವರಿಗೆ ಮಾಡುವ ಅವಮಾನ. ಪತ್ರ, ಪ್ರಬಂಧಗಳನ್ನು ಈಗಲೂ ಅವರು ತಮ್ಮ ವಿವೇಚನೆಯಿಂದಲೇ ನೋಡುತ್ತಾರೆ. ಆ ವಿವೇಚನೆಗೆ ಸಾಹಿತ್ಯದ ಉತ್ತರದಲ್ಲೂ ಜಾಗ ಕೊಡಿ ಎನ್ನುತ್ತಿದ್ದೇವೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ಅದನ್ನು ತಳ್ಳಿಹಾಕುವ ಉದ್ದೇಶ ನಮಗಿಲ್ಲ. ಎಸ್ಟೇಟಿನ ಕಾರ್ಮಿಕರ ಲೈನುಗಳಲ್ಲಿ ಬೆಳೆಯುವ ಮಕ್ಕಳ ಮನೆಮಾತು ತುಳುವೋ ತಮಿಳೋ ಬ್ಯಾರಿಯೋ ಆಗಿರುತ್ತದೆ. ಈಚೆಗೆ ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳೂ ಕನ್ನಡ ಶಾಲೆಗಳಲ್ಲಿದ್ದಾರೆ. ಮನೆಯಲ್ಲಿ ಪುಸ್ತಕವಿಲ್ಲ, ಹೇಳಿಕೊಡುವವರಿಲ್ಲ. ಅಂಥವರಿಗೆ ಪಾಸಿಂಗ್ ಪ್ಯಾಕೇಜಿನ ಸಿದ್ಧ ಉತ್ತರವೇ ಆಸರೆ, ಸ್ವಂತ ಮಾತಿನಲ್ಲಿ ಬರೆಯಿರಿ ಎಂದರೆ ಲಾಭ ಪಟ್ಟಣದ ಮಕ್ಕಳಿಗೆ ಎಂಬ ಮಾತಿನಲ್ಲಿ ಸತ್ಯವಿದೆ. ಆದ್ದರಿಂದಲೇ ನಾವು ಇಡೀ ಪ್ರಶ್ನೆಪತ್ರಿಕೆಯನ್ನು ಬುಡಮೇಲು ಮಾಡಿ ಎನ್ನುತ್ತಿಲ್ಲ. ಪಾಸಾಗಲು ಬೇಕಾದಷ್ಟು ಅಂಕಗಳ ಪ್ರಶ್ನೆಗಳು ಈಗಿನ ಹಾಗೆಯೇ ಇರಲಿ. ಆದರೆ ಸಿದ್ಧ ಉತ್ತರ ಈ ಮಕ್ಕಳಿಗೆ ಕೊಡುವುದು ಅಂಕಪಟ್ಟಿಯನ್ನು ಮಾತ್ರ. ಬೇರೆಯವರ ವಾಕ್ಯವನ್ನು ಚಿತ್ತಿಲ್ಲದೆ ಬರೆಯಲು ಕಲಿತ ಹುಡುಗ ನಾಳೆ ಪಂಚಾಯಿತಿಗೆ ಒಂದು ಅರ್ಜಿ ಬರೆಯಲು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗುತ್ತಾನೆ. ಲೈನು ಮನೆಯ ಬದುಕು ಕಂಡ ಹುಡುಗಿಗೆ ತೇಜಸ್ವಿಯವರ ‘ತಬರನ ಕಥೆ’ಯ ತಬರನ ಪಾಡು ತಟ್ಟನೆ ಅರ್ಥವಾಗುತ್ತದೆ. ಕಚೇರಿಯಿಂದ ಕಚೇರಿಗೆ ಅಲೆಯುವುದೆಂದರೆ ಏನೆಂದು ಅವಳಿಗೆ ಯಾವ ಗೈಡೂ ಹೇಳಿಕೊಡಬೇಕಿಲ್ಲ. ಅವಳಿಗೆ ಗೊತ್ತಿರುವುದಕ್ಕೆ ಬೆಲೆ ಇಲ್ಲ, ಗೈಡು ಕೊಳ್ಳಲು ದುಡ್ಡಿರುವವರಿಗೆ ಗೊತ್ತಿರುವುದಕ್ಕೆ ಬೆಲೆ ಇದೆ ಎನ್ನುವ ಪರೀಕ್ಷೆ ಬಡವರ ಪರವಾದದ್ದು ಹೇಗಾಗುತ್ತದೆ? ಕಾಗುಣಿತದ ತಪ್ಪಿಗೆ ಕತ್ತರಿ ಹಾಕದೆ ಯೋಚನೆಗೆ ಅಂಕ ಕೊಟ್ಟರೆ ಅವಳೇ ಮುಂದೆ ಬರುತ್ತಾಳೆ.

ಪರೀಕ್ಷೆ ಇಲ್ಲದಿದ್ದರೆ ಮಕ್ಕಳು ಓದುವುದೇ ಇಲ್ಲ ಎಂಬ ಮೂರನೆಯ ಮಾತಿಗೆ ಹೆಚ್ಚು ಉತ್ತರ ಬೇಕಿಲ್ಲ. 1980ರಲ್ಲಿ ಬಂದ ‘ಕರ್ವಾಲೊ’ ಇವತ್ತಿಗೂ ಮರುಮುದ್ರಣವಾಗುತ್ತಿದೆ. ಅದನ್ನು ಕೊಂಡು ಓದುವ ಹುಡುಗ ಹುಡುಗಿಯರೆಲ್ಲ ಅಂಕಕ್ಕಾಗಿ ಓದುತ್ತಿಲ್ಲ. ನಿಜವಾಗಿ ನಡೆಯುತ್ತಿರುವುದು ಇದರ ಉಲ್ಟಾ. ಸುಮ್ಮನೆ ಓದಿಕೊಳ್ಳಲೆಂದು ಹತ್ತನೇ ತರಗತಿಯ ಪುಸ್ತಕದಲ್ಲಿ ಪಠ್ಯಪೂರಕ ಅಧ್ಯಯನ ಎಂಬ ಭಾಗವನ್ನು ಸೇರಿಸಿದರು. ಅದರ ಮೇಲೂ ಪ್ರಶ್ನೆ ಬಂತು, ಆ ಕ್ಷಣವೇ ಅದೂ ನೋಟ್ಸಾಯಿತು. ಓದಿನ ಸುಖಕ್ಕೆ ಉಳಿದಿದ್ದ ಒಂದು ಕಿಟಕಿಯನ್ನೂ ಮುಚ್ಚಿ, ಮಕ್ಕಳು ಓದುವುದಿಲ್ಲ ಎಂದು ಮೊಬೈಲನ್ನು ದೂರುವುದು ಸರಿಯಲ್ಲ.

ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ನಮ್ಮ ಒತ್ತಾಯ ಮೂರು. ಪಠ್ಯಪೂರಕ ಭಾಗವನ್ನು ಪರೀಕ್ಷೆಯಿಂದ ಪೂರ್ತಿಯಾಗಿ ಬಿಡಿ. ಪ್ರಬಂಧದ ಪ್ರಶ್ನೆಯಲ್ಲಿ ಮಕ್ಕಳು ತಾವು ಕಂಡದ್ದನ್ನು ಬರೆಯಬಹುದಾದ ಒಂದು ವಿಷಯವನ್ನಾದರೂ ಕೊಡಿ, ಪೀಠಿಕೆ-ಉಪಸಂಹಾರಗಳಿಗೆ ಬೇರೆ ಬೇರೆ ಅಂಕ ಹಂಚುವುದನ್ನು ನಿಲ್ಲಿಸಿ. ಪ್ರಶ್ನೆಪತ್ರಿಕೆಯಲ್ಲೇ ಪಾಠದ ಒಂದು ಭಾಗವನ್ನು ಅಚ್ಚು ಮಾಡಿ, ಇದು ನಿಮಗೆ ಒಪ್ಪಿಗೆಯೇ, ಏಕೆ ಎಂದು ಕೇಳಿ. ಕೊಟ್ಟ ಕಾರಣಕ್ಕೆ ಅಂಕ ಕೊಡಿ. ಇದಕ್ಕೆ ಹೊಸ ಸಮಿತಿ ಬೇಡ, ಸರ್ಕಾರ ಬದಲಾಗುವುದೂ ಬೇಡ. ಪಾಠಗಳಿಗಾಗಿ ಬೀದಿಗಿಳಿದ ಲೇಖಕರು ಈ ಮೂರು ಮಾತಿಗಾಗಿ ಒಮ್ಮೆ ಮಂಡಳಿಯ ಬಾಗಿಲಿಗೆ ಹೋಗಲಿ. ಅಲ್ಲಿಯವರೆಗೆ ಕನ್ನಡ ಅಧ್ಯಾಪಕರಲ್ಲಿ ಒಂದು ವಿನಂತಿ: ಆಂತರಿಕ ಮೌಲ್ಯಮಾಪನದ 25 ಅಂಕ ನಿಮ್ಮ ಕೈಯಲ್ಲೇ ಇದೆ. ಅದರಲ್ಲಿ ಐದು ಅಂಕವನ್ನಾದರೂ ಗೈಡಿನಲ್ಲಿಲ್ಲದ ಉತ್ತರಕ್ಕೆ ಎತ್ತಿಡಿ.