ಗದರಿಕೆ ಮಾರ್ಗದರ್ಶನವಾಗದು

ರೋಗಿಗಳೂ ಅವರ ಬಂಧುಗಳೂ ನೋಡುತ್ತಿರುವಾಗಲೇ ಮೇಲಧಿಕಾರಿಯೊಬ್ಬರು ದಾದಿಯನ್ನು ಗದರಿಸುವುದನ್ನು ನೀವು ಕಂಡಿರಬಹುದು. ತಪ್ಪನ್ನು ತಿದ್ದಬಾರದೇ ಎನ್ನುವವರುಂಟು. ತಿದ್ದಲೇಬೇಕು. ಆದರೆ ನಾಲ್ಕು ಜನರೆದುರು ಅವಮಾನಿಸಿ, ಮರುದಿನ ಮೆಮೊ ಕೊಟ್ಟು, ಅದನ್ನೇ ಮಾರ್ಗದರ್ಶನವೆಂದು ಕರೆಯುವುದು ಯಾವ ನ್ಯಾಯ?

ಶುಶ್ರೂಷೆಯನ್ನು ಕಲಿಸಬೇಕಾದದ್ದು ರೋಗಿಯ ಹಾಸಿಗೆಯ ಬಳಿಯಲ್ಲಿ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ಶಾಲೆ ಆರಂಭವಾದಾಗ, ಕಲಿಯುವವರು ವಾರ್ಡಿನ ಹಿರಿಯ ಸಿಸ್ಟರುಗಳ ಜೊತೆಗೆ ದುಡಿಯುತ್ತಲೇ ಕಲಿತರು. ಇಂದು ಪಾಳಿಪಟ್ಟಿ, ದಾಸ್ತಾನು, ವರದಿಗಳಲ್ಲಿ ಮುಳುಗಿದ ಮೇಲ್ವಿಚಾರಕಿಗೆ ಕಿರಿಯಳ ಪಕ್ಕದಲ್ಲಿ ಹತ್ತು ನಿಮಿಷ ನಿಲ್ಲಲು ಬಿಡುವೆಲ್ಲಿದೆ? ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬರು ದಾದಿ ಇರಬೇಕು. ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ, ಸಿರುಗುಪ್ಪ, ಕುರುಗೋಡುಗಳ ಸರ್ಕಾರಿ ಆಸ್ಪತ್ರೆಗೋ ರಾತ್ರಿ ಹೋಗಬೇಕಾಗಿ ಬಂದರೆ ನೀವೇ ಎಣಿಸಿ ನೋಡಿ.

ಇದು ದಾದಿಯರ ಮನನೋವಿನ ಪ್ರಶ್ನೆ ಮಾತ್ರವಲ್ಲ, ನಮ್ಮೆಲ್ಲರ ಜೀವದ ಪ್ರಶ್ನೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದವರ ಪೈಕಿ ಐವರು ಬಾಣಂತಿಯರು ಬಳಿಕ ತೀರಿಕೊಂಡರು. ಅವರಿಗೆ ನೀಡಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಮೂಡಿತು. ಅದನ್ನು ಪೂರೈಸಿದ ಕಂಪನಿಯ ದ್ರಾವಣದ ಬಳಕೆಯನ್ನು ಸರ್ಕಾರ ನಿಲ್ಲಿಸಿತು. ಆ ಸಾವುಗಳ ಹೊಣೆಯನ್ನು ದಾದಿಯರ ಮೇಲೆ ಹೊರಿಸಲು ಈ ಮಾತು ಹೇಳುತ್ತಿಲ್ಲ. ಯಾವ ಆಸ್ಪತ್ರೆಯಲ್ಲೇ ಆಗಲಿ, ಬಾಟಲಿಯನ್ನು ತೂಗುಹಾಕುವ ಕೈ ದಾದಿಯದು; ರೋಗಿಯ ಮೈ ನಡುಗಿದರೆ ಮೊದಲು ಕಾಣುವ ಕಣ್ಣೂ ಅವಳದೇ. "ಇದೇಕೋ ಸರಿಯಿಲ್ಲ, ಮೇಡಂ" ಎಂದು ಆ ಗಳಿಗೆಯಲ್ಲಿ ಅವಳು ಅಂಜದೆ ನುಡಿಯಬೇಕು. ಬಾಯಿ ತೆರೆದಾಗಲೆಲ್ಲ ಬೈಗುಳ ತಿಂದವಳು ಕಲಿಯುವುದು ಕೆಲಸವನ್ನಲ್ಲ, ಮೌನವನ್ನು. ಆ ಮೌನದ ಬೆಲೆ ತೆರುವವನು ರೋಗಿ.

ಕಟ್ಟುನಿಟ್ಟಿಲ್ಲದೆ ವಾರ್ಡ್ ನಡೆಯದೆಂಬ ವಾದವನ್ನು ಬಲ್ಲೆವು. ಆದರೆ ಶಿಸ್ತು ಬೇರೆ, ಭಯ ಬೇರೆ. ಶಿಸ್ತುಳ್ಳವಳು ತಪ್ಪನ್ನು ಕೂಡಲೇ ತಿಳಿಸುತ್ತಾಳೆ, ಭಯಗೊಂಡವಳು ಮುಚ್ಚಿಡುತ್ತಾಳೆ.

ಆದ್ದರಿಂದ ಸರ್ಕಾರಿ ಆಸ್ಪತ್ರೆಯಾಗಲಿ, ಧರ್ಮಸಭೆ ನಡೆಸುವ ಆಸ್ಪತ್ರೆಯಾಗಲಿ, ಮೇಲ್ವಿಚಾರಕಿಯರನ್ನು ಲೆಕ್ಕಪತ್ರದ ಹೊರೆಯಿಂದ ಬಿಡಿಸಿ ಹಾಸಿಗೆಯ ಬಳಿಗೆ ಕಳುಹಿಸಲಿ. ತಪ್ಪನ್ನು ಏಕಾಂತದಲ್ಲಿ ತಿದ್ದಲಿ, ಒಳ್ಳೆಯ ಕೆಲಸವನ್ನು ಎಲ್ಲರೆದುರು ಹೇಳಲಿ. ಖಾಲಿ ಹುದ್ದೆಗಳನ್ನು ತುಂಬದೆ ತರಬೇತಿಯ ಮಾತಾಡುವುದನ್ನು ಆಡಳಿತ ನಿಲ್ಲಿಸಲಿ. ಓದುಗರೇ, ನೀವೂ ಅಷ್ಟೇ: ಮುಂದಿನ ಸಲ ನಿಮ್ಮವರ ಹಾಸಿಗೆಯ ಬಳಿ ದಾದಿಯನ್ನು ಯಾರಾದರೂ ಹೀನಾಯವಾಗಿ ಬೈದರೆ, ಅವರ ಜೊತೆ ನಿಮ್ಮ ದನಿ ಸೇರಿಸಬೇಡಿ. ಅವಳ ಪರವಾಗಿ ಒಂದು ಮಾತಾಡಿ.