ಅನ್ನವನ್ನು ಒಲ್ಲದ ಹೆಣ್ಣುಮಕ್ಕಳು

ಹೊಟ್ಟೆಗಿಲ್ಲದವರ ಹಸಿವೆಯನ್ನು ನಮ್ಮ ನಾಡು ಬಹುಕಾಲದಿಂದ ಬಲ್ಲದು. ಆದರೆ ತುಂಬಿದ ತಟ್ಟೆಯ ಮುಂದೆ ಕುಳಿತೂ ಉಣ್ಣಲಾರದ ಹುಡುಗಿಯ ಸಂಕಟವನ್ನು ನಾವು ಇನ್ನೂ ಗುರುತಿಸಲರಿಯೆವು. ಹಟವೆಂದೂ ಬೆಡಗೆಂದೂ ಗದರಿಸಿ ಸುಮ್ಮನಾಗುವೆವು. ಇದನ್ನು ರೋಗವೆಂದೇ ತಿಳಿದು ನಡೆಯತಕ್ಕದ್ದೆಂಬುದು ನನ್ನ ಅಭಿಪ್ರಾಯವಾಗಿರುವುದು.

ಇದು ಹೊಸಕಾಲದ ಬೇನೆಯಲ್ಲ. 1873ರಲ್ಲಿ ಪ್ಯಾರಿಸಿನ ಲಾಸೇಗ್ ಎಂಬ ವೈದ್ಯರು ಇದನ್ನು ವರ್ಣಿಸಿದರು. ಮರುವರ್ಷ ಲಂಡನಿನ ಸರ್ ವಿಲಿಯಂ ಗಲ್ ಎಂಬವರ ಲೇಖನದಲ್ಲಿ ಇದಕ್ಕೆ ‘ಅನೊರೆಕ್ಸಿಯ ನರ್ವೋಸ’ ಎಂಬ ಹೆಸರು ಬಂದಿತು. ಮಿತಿಮೀರಿ ತಿಂದು, ತೂಕಕ್ಕೆ ಅಂಜಿ, ಗುಟ್ಟಾಗಿ ವಾಂತಿಮಾಡಿಕೊಳ್ಳುವ ‘ಬುಲಿಮಿಯ’ವನ್ನು 1979ರಲ್ಲಿ ಜೆರಾಲ್ಡ್ ರಸೆಲ್ ವಿವರಿಸಿದರು. ಇಂಥವಳು ನೋಟಕ್ಕೆ ಬಡಕಲಾಗಿರಬೇಕೆಂದಿಲ್ಲ.

ವೈಟ್‌ಫೀಲ್ಡ್, ಪೀಣ್ಯಗಳಂಥ ನಮ್ಮ ಊರುಗಳಲ್ಲಿ ಇದನ್ನು ಗುರುತಿಸುವುದು ಇನ್ನೂ ಕಷ್ಟ. ಇಲ್ಲಿ ಕಂಪ್ಯೂಟರ್ ಕಚೇರಿಯ ಅಧಿಕಾರಿಯ ಮಗಳೂ ಉಡುಪಿನ ಕಾರ್ಖಾನೆಯಲ್ಲಿ ದುಡಿಯುವ ತಾಯಿಯ ಮಗಳೂ ನೆರೆಹೊರೆಯವರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಆದುದರಿಂದ ಬಾಲಿಕೆಯೊಬ್ಬಳು ಬಾಡಿದ್ದನ್ನು ಕಂಡೊಡನೆ ಕಬ್ಬಿಣದ ಮಾತ್ರೆ ಕೊಟ್ಟು ಕರ್ತವ್ಯ ತೀರಿತೆಂದುಕೊಳ್ಳುವೆವು. ಮಾತ್ರೆ ಬೇಕಾದದ್ದೇ, ಆದರೆ ಅನ್ನಕ್ಕೆ ಹೆದರುವವಳಿಗೆ ಅದೊಂದೇ ಸಾಲದು. ಈ ರೋಗ ಸಿರಿವಂತರ ಮನೆಗೆ ಮಾತ್ರ ಬರುವುದೆಂಬುದೂ ತಪ್ಪು.

ಇದರ ಕಾರಣ ಒಂದಲ್ಲ. ವಂಶದಿಂದ ಬಂದ ಗುಣ, ಎಲ್ಲದರಲ್ಲೂ ನೂರಕ್ಕೆ ನೂರು ಬೇಕೆಂಬ ಸ್ವಭಾವ, ಮೈನೆರೆಯುವ ಕಾಲದ ತಳಮಳ, ದಪ್ಪವೆಂಬ ಗೇಲಿ, ‘ತೆಳ್ಳಗಿನ ಬೆಳ್ಳಗಿನ ವಧು ಬೇಕು’ ಎಂಬ ಜಾಹೀರಾತು, ಇವೆಲ್ಲವೂ ಕೂಡುವವು. ಫಿಜಿ ದ್ವೀಪದ ಒಂದು ಪ್ರಾಂತಕ್ಕೆ 1995ರಲ್ಲಿ ಟೆಲಿವಿಷನ್ ಬಂದಿತು. ಆಗ ವಿಚಾರಿಸಿದ ಶಾಲಾಬಾಲಿಕೆಯರಲ್ಲಿ ತೂಕ ಇಳಿಸಲು ವಾಂತಿಮಾಡಿಕೊಳ್ಳುವವಳು ಒಬ್ಬಳೂ ಇರಲಿಲ್ಲ. 1998ರಲ್ಲಿ ನೂರಕ್ಕೆ 11 ಮಂದಿ ಇದ್ದರು. ನಮ್ಮ ಮಕ್ಕಳ ದಿಂಬಿನ ಬಳಿಯಲ್ಲೋ ಫೋನೇ ಇರುವುದು!

ಇದರ ಫಲವು ಘೋರವಾದದ್ದು. ಮುಟ್ಟು ನಿಲ್ಲುವುದು, ಎಲುಬು ಸವೆಯುವುದು, ನಾಡಿ ನಿಧಾನವಾಗುವುದು. ಪದೇ ಪದೇ ವಾಂತಿಯಾದರೆ ಹಲ್ಲು ಕರಗುವುದಲ್ಲದೆ, ರಕ್ತದಲ್ಲಿ ಪೊಟ್ಯಾಸಿಯಂ ಕುಗ್ಗಿ ಹೃದಯವೇ ತಟಕ್ಕನೆ ನಿಲ್ಲಬಹುದು. ಮನಸ್ಸೂ ಉಳಿಯದು. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಮಂದಿ ಆರೋಗ್ಯವಂತ ಯುವಕರಿಗೆ ಆರು ತಿಂಗಳ ಕಾಲ ಅರೆಹೊಟ್ಟೆ ಆಹಾರ ಕೊಟ್ಟು ಪರೀಕ್ಷಿಸಿದರು. ಅವರು ಖಿನ್ನರೂ ಸಿಡುಕರೂ ಆಗಿ ಹಗಲಿರುಳು ಆಹಾರದ ಚಿಂತೆಯಲ್ಲೇ ಮುಳುಗಿದರು. ಹಸಿವೆಯು ಬುದ್ಧಿಯನ್ನೇ ಹಿಡಿದಿರುವಾಗ ಬುದ್ಧಿವಾದದಿಂದ ಪ್ರಯೋಜನವೇನು?

ಉಪವಾಸವೆಂಬ ಮುಸುಕನ್ನೂ ತಾಯಂದಿರು ಗಮನಿಸಬೇಕು. ಏಕಾದಶಿಗೂ ರಂಜಾನಿಗೂ ಲೆಂಟಿಗೂ ಮುಗಿಯುವ ಹೊತ್ತೊಂದು ಉಂಟು. ಆ ಹೊತ್ತಿಗೆ ಮನೆಯವರೆಲ್ಲ ಸಂತೋಷದಿಂದ ಉಣ್ಣುವರು. ಆ ಹೊತ್ತು ಬಂದರೂ ಉಣ್ಣಲು ನಡುಗುವವಳದು ವ್ರತವಲ್ಲ.

ಶಾಲೆಯಲ್ಲಿ ಹುಡುಗಿಯರ ತೂಕವನ್ನು ಎಲ್ಲರೆದುರು ಕೂಗಿ ಹೇಳಕೂಡದು. ಮನೆಯಲ್ಲಿ ‘ಇಳಿದಿದ್ದೀಯೆ, ಚೆಂದ ಕಾಣುತ್ತೀಯೆ’ ಎಂಬ ಹೊಗಳಿಕೆಯೂ ‘ಎಷ್ಟು ತಿನ್ನುತ್ತೀಯೆ’ ಎಂಬ ಹಂಗಿಸುವಿಕೆಯೂ ನಿಲ್ಲಬೇಕು. ಡಬ್ಬಿ ತುಂಬಿದಂತೆಯೇ ಮರಳಿದರೆ, ಊಟವಾದೊಡನೆ ಮಗಳು ಬಚ್ಚಲಿಗೆ ಓಡಿದರೆ, ಮುಟ್ಟು ತಪ್ಪಿದರೆ, ಗದರಿಸದೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಆಸ್ಪತ್ರೆಯಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರಕಾರದ ಸಹಾಯವಾಣಿಯಲ್ಲಿ, 14416 ಎಂಬ ಸಂಖ್ಯೆಗೆ ಕರೆಮಾಡಿ, ಕನ್ನಡದಲ್ಲೇ ಉಚಿತವಾಗಿ ಸಲಹೆ ಪಡೆಯಬಹುದು. ಬೇಗ ಕಂಡುಹಿಡಿದರೆ ಈ ರೋಗ ವಾಸಿಯಾಗುವ ಸಂಭವ ಹೆಚ್ಚು.

ಹೆಣ್ಣುಮಗಳು ಮನೆಯವರೆಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವವಳೆಂಬ ವಾಡಿಕೆ ನಮ್ಮಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಇಂದು ರಾತ್ರಿ ಆಕೆಯನ್ನು ನಿಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಒಟ್ಟಿಗೆ ಉಣ್ಣಿರಿ. ಆಕೆಯ ತೂಕದ ಮಾತೆತ್ತದೆ, ದಿನದ ಸುಖದುಃಖವನ್ನು ಕೇಳಿರಿ.